ಎಂಟು ರೂಪಾಯಿಯ ಬಾಲಕ, ಇಪ್ಪತ್ತು ಎಕರೆಯ ಕನಸು: ಅರಸೀಕೆರೆಯ ಬಾಲಣ್ಣ

ಬೇಲೂರು, ಹಳೇಬೀಡುಗಳನ್ನು ನೋಡಲು ರೈಲಿನಲ್ಲಿ ಹೊರಟವರಿಗೆ ಅರಸೀಕೆರೆ ಎಂದರೆ ಇಳಿದು ಬಸ್ಸು ಹಿಡಿಯುವ ಜಂಕ್ಷನ್, ಅಷ್ಟೇ. ಹೊಯ್ಸಳರು ಇಲ್ಲಿಯೂ ನಕ್ಷತ್ರಾಕಾರದ ಮುಖಮಂಟಪವುಳ್ಳ ಈಶ್ವರ ದೇಗುಲವೊಂದನ್ನು ಕಟ್ಟಿಸಿದ್ದರು ಎಂಬುದು ಹಲವರಿಗೆ ಗೊತ್ತಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗಲೂ ಅರಸೀಕೆರೆಯ ಈ ಗುಡಿ ತನ್ನ ಪಾಡಿಗೆ ತಾನು ತೆಂಗಿನ ತೋಟಗಳ ನಡುವೆ ನಿಂತಿತ್ತು. ಊರಿನ ಹೆಸರು ಹೇಳಿದರೆ ಕೊಬ್ಬರಿ, ತೆಂಗಿನಕಾಯಿ ವ್ಯಾಪಾರ ನೆನಪಾಗುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಯತ್ತ ಸಾಗುವ ಹಳಿಗೆ ಮೈಸೂರು, ಹಾಸನಗಳ ಕಡೆಯಿಂದ ಬರುವ ಹಳಿ ಸೇರುವ ತಾಣ ನೆನಪಾಗುತ್ತದೆ. ಕನ್ನಡ ಚಿತ್ರರಂಗದ ಅತ್ಯಂತ ಪರಿಚಿತ ಮುಖಗಳಲ್ಲೊಂದು ಇದೇ ಊರಿನ ಬಡಮನೆಯೊಂದರಲ್ಲಿ ಕಣ್ಣು ಬಿಟ್ಟಿತು ಎಂಬ ಸಂಗತಿ ಮಾತ್ರ ಬೇಗ ನೆನಪಿಗೆ ಬರುವುದಿಲ್ಲ.

ಟಿ.ಎನ್. ಬಾಲಕೃಷ್ಣ ಹುಟ್ಟಿದ್ದು 1911ರ ನವೆಂಬರ್ 2ರಂದು. ಚಿತ್ರರಂಗದವರಿಗೆ, ಪ್ರೇಕ್ಷಕರಿಗೆ ಅವರು ಬಾಲಣ್ಣ. ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಕಾಣಿಸಿಕೊಂಡ ಈ ನಟ ಒಂದು ಕಾಲದಲ್ಲಿ ಕನ್ನಡ ಚಿತ್ರಗಳ ಶೀರ್ಷಿಕೆ ಫಲಕದಲ್ಲಿ ಇಲ್ಲದೆ ಹೋದದ್ದೇ ಅಪರೂಪ. ನಾಯಕ ಬದಲಾಗುತ್ತಿದ್ದ, ನಾಯಕಿ ಬದಲಾಗುತ್ತಿದ್ದಳು, ನಿರ್ದೇಶಕ ಬದಲಾಗುತ್ತಿದ್ದರು. ಬಾಲಕೃಷ್ಣ ಎಂಬ ಹೆಸರು ಮಾತ್ರ ಉಳಿಯುತ್ತಿತ್ತು. ಆ ಹೆಸರಿನ ಹಿಂದಿನ ಬದುಕು ಅವರು ನಟಿಸಿದ ಯಾವ ಕಥೆಗಿಂತಲೂ ಕಡಿಮೆ ನಾಟಕೀಯವಲ್ಲ.

ಮನೆಯಲ್ಲಿ ಕಡುಬಡತನ. ತಂದೆ ಕಾಯಿಲೆ ಬಿದ್ದಾಗ ಚಿಕಿತ್ಸೆಗೆ ಕೈಯಲ್ಲಿ ಕಾಸಿರಲಿಲ್ಲ. ದಿಕ್ಕು ತೋಚದ ತಾಯಿ ಎಳೆಯ ಮಗನನ್ನು ಎಂಟು ರೂಪಾಯಿಗೆ ಬೇರೊಂದು ಮನೆಗೆ ಕೊಟ್ಟುಬಿಟ್ಟರು ಎಂಬ ವಿವರ ಬಾಲಕೃಷ್ಣರ ಜೀವನದ ಕಥನಗಳಲ್ಲೆಲ್ಲ ಬರುತ್ತದೆ. ಇಂದು ಕೇಳಿದರೆ ಎದೆ ಝಲ್ಲೆನ್ನುವ ಮಾತಿದು. ಆದರೆ ಮಳೆ ಕೈಕೊಟ್ಟರೆ ಊರೂರೇ ಗುಳೆ ಹೋಗುತ್ತಿದ್ದ, ಪ್ಲೇಗು ಬಂದರೆ ಮನೆಮನೆಗಳು ಬರಿದಾಗುತ್ತಿದ್ದ ಬಯಲುಸೀಮೆಯ ಆ ದಿನಗಳನ್ನು ನೆನೆದರೆ, ಆ ತಾಯಿಯ ಮುಂದೆ ಇದ್ದ ದಾರಿಗಳು ಎಷ್ಟು ಕಡಿಮೆ ಎಂಬುದು ಅರ್ಥವಾದೀತು. ಗಂಡನನ್ನು ಉಳಿಸಿಕೊಳ್ಳಬೇಕು, ಮಗುವಿಗೆ ಹೊಟ್ಟೆ ತುಂಬ ಅನ್ನ ಸಿಗುವ ಮನೆಯೊಂದು ಸಿಕ್ಕರೆ ಸಿಗಲಿ. ಎರಡಕ್ಕೂ ಬೆಲೆಯಾಗಿ ಬಂದದ್ದು ಎಂಟು ರೂಪಾಯಿ.

ಮುಂದೆ ಬಾಲಕನನ್ನು ಇನ್ನೊಂದು ಕೊರತೆ ಅಂಟಿಕೊಂಡಿತು. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಶಾಲೆಯಲ್ಲಿ ಮೇಷ್ಟರ ಮಾತು ಕೇಳಿಸದ ಹುಡುಗನಿಗೆ ವಿದ್ಯೆ ಹತ್ತುವುದು ಹೇಗೆ? ಓದು ಪ್ರಾಥಮಿಕ ಹಂತದಲ್ಲಿಯೇ ನಿಂತಿತು. ಉಳಿದದ್ದು ಕಣ್ಣು, ಕೈ ಮತ್ತು ನೆನಪಿನ ಶಕ್ತಿ. ಈ ಮೂರನ್ನೂ ಸಾಕಷ್ಟು ದುಡಿಸಿಕೊಳ್ಳುವ ವೃತ್ತಿಯೊಂದು ಆಗ ಊರೂರಿಗೆ ತಾನಾಗಿಯೇ ಬರುತ್ತಿತ್ತು: ಕಂಪನಿ ನಾಟಕ.

ರೈಲು ನಿಲ್ದಾಣವಿರುವ ಊರುಗಳೆಂದರೆ ವೃತ್ತಿ ನಾಟಕ ಕಂಪನಿಗಳಿಗೆ ಪ್ರಿಯ. ಪರದೆಗಳು, ಸೀನರಿಗಳು, ಪೆಟ್ಟಿಗೆಗಟ್ಟಲೆ ವೇಷಭೂಷಣ, ನೂರಾರು ಜನರ ಪರಿವಾರ, ಎಲ್ಲವನ್ನೂ ಗಾಡಿಗಳಲ್ಲಿ ಸಾಗಿಸುವುದಕ್ಕಿಂತ ರೈಲಿಗೆ ತುಂಬುವುದು ಸುಲಭ. ಅರಸೀಕೆರೆ, ತಿಪಟೂರು, ತುಮಕೂರು, ದಾವಣಗೆರೆ, ಹುಬ್ಬಳ್ಳಿ: ಹಳಿಯ ಗುಂಟ ಸಾಗಿದ ಈ ಊರುಗಳಲ್ಲಿ ಕಂಪನಿಗಳು ಕ್ಯಾಂಪು ಹಾಕಿದರೆ ವಾರಗಟ್ಟಲೆ, ತಿಂಗಳುಗಟ್ಟಲೆ ನಾಟಕ ನಡೆಯುತ್ತಿತ್ತು. ಹಳ್ಳಿಗಳಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬಂದವರು ನೆಲದ ಟಿಕೆಟಿಗೆ, ಪೇಟೆಯ ವರ್ತಕರು ಕುರ್ಚಿಗೆ. ಬೆಳಗಿನ ಜಾವದ ತನಕ ಹಾಡು, ಹಾಸ್ಯ, ಯುದ್ಧ. ಇಂಥ ಕಂಪನಿಗೆ ಹುಡುಗರು ಸೇರುತ್ತಿದ್ದುದು ಬಹುಪಾಲು ಕಲೆಯ ಮೋಹದಿಂದಲ್ಲ, ಎರಡು ಹೊತ್ತಿನ ಊಟದ ಆಸೆಯಿಂದ. ಮೋಹ ಆಮೇಲೆ ಹುಟ್ಟುತ್ತಿತ್ತು.

ಬಾಲಕೃಷ್ಣ ಕಂಪನಿ ಸೇರಿದ್ದು ನಟನಾಗಿ ಮೆರೆಯಲೆಂದೇನಲ್ಲ. ಬರವಣಿಗೆಯ ಕೈ ಚೆನ್ನಾಗಿತ್ತು. ಗೋಡೆಬರಹ, ಪೋಸ್ಟರುಗಳ ಕೆಲಸ, ಬಾಗಿಲು ಕಾಯುವ ಕೆಲಸ, ಹೀಗೆ ಕಂಪನಿಯಲ್ಲಿ ಯಾವ ಕೆಲಸ ಬಿದ್ದರೂ ಮಾಡುತ್ತ, ನಡುನಡುವೆ ಸಣ್ಣಪುಟ್ಟ ವೇಷ ಹಾಕುತ್ತ ಅವರು ರಂಗವನ್ನು ಒಳಗಿನಿಂದ ಕಲಿತರು. ಗುಬ್ಬಿ ವೀರಣ್ಣನವರ ಕಂಪನಿಯೂ ಸೇರಿದಂತೆ ಹಲವು ವೃತ್ತಿ ಮಂಡಳಿಗಳಲ್ಲಿ ದುಡಿದರು. ಗುಬ್ಬಿ ಕಂಪನಿ ಆಗ ಕನ್ನಡ ನಟರ ವಿಶ್ವವಿದ್ಯಾಲಯವೇ ಆಗಿತ್ತು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗದ ಮೇಲೆ ತಂದ ಕಂಪನಿ ಅದು. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮೊದಲಾದ ಮುಂದಿನ ತಾರೆಗಳು, ಕಲಾವಿದರು ಪಳಗಿದ್ದು ಆ ಕಂಪನಿಯ ಗರಡಿಯಲ್ಲಿಯೇ.

ಕಿವಿ ಕೇಳದವನು ರಂಗದ ಮೇಲೆ ಸಂಭಾಷಣೆ ಹೇಳುವುದೆಂದರೇನು ಎಂಬುದನ್ನು ಸ್ವಲ್ಪ ನಿಂತು ಯೋಚಿಸಬೇಕು. ಧ್ವನಿವರ್ಧಕ ಎಲ್ಲೆಡೆ ಬಂದಿರದ ಕಾಲ. ಕಂಪನಿ ನಟ ಮರೆತರೆ ಪರದೆಯ ಪಕ್ಕದಲ್ಲಿ ನಿಂತ ಪ್ರಾಂಪ್ಟರ್ ಪಿಸುಗುಟ್ಟಿ ನೆನಪಿಸುತ್ತಿದ್ದ. ಕಿವಿ ಮಂದವಾದ ನಟನಿಗೆ ಆ ಪಿಸುಮಾತು ಇದ್ದೂ ಇಲ್ಲದಂತೆ. ಎದುರಿನ ಪಾತ್ರಧಾರಿ ಮಾತು ಮುಗಿಸಿದನೇ, ಇನ್ನೂ ಎಳೆಯುತ್ತಿದ್ದಾನೆಯೇ ಎಂಬುದೂ ತಿಳಿಯದು. ಅಂದು ಮಾತು ಕೊಂಚ ಹೆಚ್ಚು ಕಡಿಮೆಯಾದರೆ, ಎದುರಿನವನು ಹುರುಪಿನಲ್ಲಿ ಎರಡು ಸಾಲು ಸೇರಿಸಿಬಿಟ್ಟರೆ, ಇವರ ಉತ್ತರ ತಪ್ಪಿದ ಜಾಗದಲ್ಲಿ ಬೀಳುವ ಅಪಾಯ. ಬಾಲಕೃಷ್ಣ ಇದಕ್ಕೆ ಕಂಡುಕೊಂಡ ದಾರಿ ಎರಡು. ತನ್ನ ಮಾತಿನ ಜೊತೆಗೆ ಎದುರಿನವರ ಮಾತನ್ನೂ ಕಂಠಪಾಠ ಮಾಡುವುದು. ಎದುರಿನವರ ತುಟಿಯ ಚಲನೆಯಿಂದ ಮಾತನ್ನು ಓದುವುದು. ಎದುರಾಳಿಯ ಮುಖವನ್ನೇ ನೆಟ್ಟ ನೋಟದಿಂದ ನೋಡುತ್ತ, ಸರಿಯಾದ ಗಳಿಗೆಗೆ ತಟ್ಟನೆ ಮಾತು ಹೊಡೆಯುವ ಅವರ ರೀತಿಯನ್ನು ಪ್ರೇಕ್ಷಕರು ಶೈಲಿ ಎಂದು ಮೆಚ್ಚಿದರು. ಅದು ಶೈಲಿಯೂ ಹೌದು. ಆದರೆ ಹುಟ್ಟಿದ್ದು ಅಗತ್ಯದಿಂದ. ತೆರೆಯ ಮೇಲೆ ಬಾಲಣ್ಣನ ಕಣ್ಣುಗಳು ಯಾಕೆ ಅಷ್ಟು ಚುರುಕು, ಯಾಕೆ ಅವು ಇನ್ನೊಬ್ಬರ ಮುಖದಿಂದ ಕದಲುವುದೇ ಇಲ್ಲ ಎಂಬುದಕ್ಕೆ ಉತ್ತರ ಇಲ್ಲಿರುವಂತೆ ತೋರುತ್ತದೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡದ್ದು 1934ರಲ್ಲಿ. ಅಲ್ಲಿಂದ ಹತ್ತು ವರ್ಷಗಳಲ್ಲಿ ಬಂದ ಕನ್ನಡ ಚಿತ್ರಗಳನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದು. ಆ ಬೆರಳೆಣಿಕೆಯಲ್ಲಿ ಒಂದು, 1943ರ ‘ರಾಧಾರಮಣ’. ನಟಿ ಎಂ.ವಿ. ರಾಜಮ್ಮ ನಿರ್ಮಾಪಕಿಯಾಗಿ ನಿಂತು ಮಾಡಿದ ಚಿತ್ರವಿದು. ಮಹಿಳೆಯೊಬ್ಬರು ಕನ್ನಡದಲ್ಲಿ ಚಿತ್ರ ನಿರ್ಮಿಸಿದ್ದು ಅದೇ ಮೊದಲು. ಬಾಲಕೃಷ್ಣ ಬೆಳ್ಳಿತೆರೆಗೆ ಬಂದದ್ದು ಈ ಚಿತ್ರದಿಂದ. ಜಿ.ವಿ. ಅಯ್ಯರ್ ಅವರ ಚಿತ್ರ ಜೀವನದ ಆರಂಭವೂ ಇದೇ. ಆಗ ಬಾಲಕೃಷ್ಣರಿಗೆ ಮೂವತ್ತು ದಾಟಿತ್ತು. ನಾಯಕನಾಗುವ ವಯಸ್ಸು, ರೂಪ ಎರಡೂ ತನ್ನದಲ್ಲ ಎಂಬುದು ಅವರಿಗೆ ಮೊದಲೇ ತಿಳಿದಿದ್ದಿರಬೇಕು.

ಚಿತ್ರರಂಗಕ್ಕೆ ಬಂದ ಮಾತ್ರಕ್ಕೆ ಬದುಕು ಹಸನಾಗಲಿಲ್ಲ. ಕನ್ನಡ ಚಿತ್ರಗಳು ತಯಾರಾಗುತ್ತಿದ್ದುದು ಕನ್ನಡ ನಾಡಿನಲ್ಲಲ್ಲ. ಮದರಾಸು, ಕೊಯಮತ್ತೂರು, ಸೇಲಂಗಳ ಸ್ಟುಡಿಯೋಗಳಲ್ಲಿ. ಅಲ್ಲಿ ತಮಿಳು, ತೆಲುಗು ಚಿತ್ರಗಳಿಗೆ ಫ್ಲೋರ್ ಬಿಟ್ಟುಕೊಟ್ಟು ಮಿಕ್ಕ ಸಮಯವಷ್ಟೇ ಕನ್ನಡಕ್ಕೆ. ವರ್ಷಕ್ಕೆ ಹತ್ತು ಚಿತ್ರಗಳು ಬರುವುದೂ ಕಷ್ಟವಾಗಿದ್ದ ದಿನಗಳಲ್ಲಿ, ಒಂದು ಚಿತ್ರ ಮುಗಿದು ಮತ್ತೊಂದು ಸಿಗುವ ತನಕ ಕಲಾವಿದರು ಮರಳಿ ನಾಟಕಕ್ಕೆ ಹೋಗಬೇಕು, ಇಲ್ಲವೇ ಮದರಾಸಿನ ಬಾಡಿಗೆ ಕೋಣೆಗಳಲ್ಲಿ ಕಾಯುತ್ತ ಕೂರಬೇಕು. 1954ರಲ್ಲಿ ‘ಬೇಡರ ಕಣ್ಣಪ್ಪ’ ತೆರೆಗೆ ಬಂದು ರಾಜ್‌ಕುಮಾರ್, ನರಸಿಂಹರಾಜು ಇಬ್ಬರನ್ನೂ ನಾಡಿಗೆ ಪರಿಚಯಿಸಿತು. ಕನ್ನಡ ಚಿತ್ರಕ್ಕೆ ಪ್ರೇಕ್ಷಕರಿದ್ದಾರೆ ಎಂಬುದು ಸಾಬೀತಾಯಿತು. ಆದರೂ ಹಣ ಹೂಡುವವರು ಮುಂದೆ ಬರಲು ಹಿಂಜರಿಯುತ್ತಿದ್ದರು.

ಬಾಲಕೃಷ್ಣರ ಬದುಕಿನ ಅತ್ಯಂತ ಉಜ್ವಲ ಅಧ್ಯಾಯ ಆರಂಭವಾದದ್ದು ಈ ಬಿಕ್ಕಟ್ಟಿನಲ್ಲಿ. ಕೆಲಸವಿಲ್ಲದೆ ಕುಳಿತ ಕಲಾವಿದರು ನಿರ್ಮಾಪಕನ ಬಾಗಿಲಿಗೆ ಹೋಗುವುದನ್ನು ಬಿಟ್ಟು ತಾವೇ ಯಾಕೆ ಚಿತ್ರ ಮಾಡಬಾರದು? ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ಬಂಡವಾಳ ಎಲ್ಲಿಂದ? ಮತ್ತೆ ನಾಟಕದಿಂದಲೇ. ತೆರೆಯ ಮೇಲೆ ಕಂಡ ಮುಖಗಳು ಊರೂರು ಸುತ್ತಿ ನಾಟಕವಾಡಿದವು. ಜನ ಮುಗಿಬಿದ್ದು ನೋಡಿದರು. ಸಂಗ್ರಹವಾದ ಹಣ ಚಿತ್ರದ ಬಂಡವಾಳವಾಯಿತು. ಹೀಗೆ ಹುಟ್ಟಿದ್ದೇ 1960ರ ‘ರಣಧೀರ ಕಂಠೀರವ’.

ಸುಮಾರು ನಲವತ್ತು ವರ್ಷಗಳ ಹಿಂದೆ, 1919ರಲ್ಲಿ, ದೂರದ ಹಾಲಿವುಡ್‌ನಲ್ಲಿಯೂ ನಾಲ್ವರು ಇಂಥದೇ ಸಾಹಸಕ್ಕೆ ಇಳಿದಿದ್ದರು. ಚಾರ್ಲಿ ಚಾಪ್ಲಿನ್, ಮೇರಿ ಪಿಕ್‌ಫರ್ಡ್, ಡಗ್ಲಾಸ್ ಫೇರ್‌ಬ್ಯಾಂಕ್ಸ್, ನಿರ್ದೇಶಕ ಡಿ.ಡಬ್ಲ್ಯು. ಗ್ರಿಫಿತ್ ಸೇರಿ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಆ ನಾಲ್ವರು ಜಗತ್ತಿನ ಅತಿ ಸಿರಿವಂತ ತಾರೆಗಳು. ತಮ್ಮ ಲಾಭ ತಮಗೇ ಉಳಿಯಲಿ ಎಂದು ಒಂದಾದವರು. ಈ ನಾಲ್ವರಿಗೆ ಉಳಿಸಿಕೊಳ್ಳಲು ಲಾಭವೇ ಇರಲಿಲ್ಲ; ಉಳಿಸಿಕೊಳ್ಳಬೇಕಿದ್ದುದು ವೃತ್ತಿಯನ್ನು.

ಮೈಸೂರಿನ ಅರಸು ಕಂಠೀರವ ನರಸರಾಜ ಒಡೆಯರ ಶೌರ್ಯದ ಕಥೆಯನ್ನು ಆರಿಸಿಕೊಂಡದ್ದರಲ್ಲಿಯೂ ಒಂದು ಜಾಣತನವಿತ್ತು. ರಾಜ್ಯಗಳ ಪುನರ್ವಿಂಗಡಣೆಯಾಗಿ ಆಗಿನ್ನೂ ನಾಲ್ಕು ವರ್ಷ. ಪುರಾಣ ಕಥೆಗಳನ್ನು ಎಲ್ಲ ಭಾಷೆಯವರೂ ಮಾಡುತ್ತಿದ್ದರು. ಕನ್ನಡದ ಅರಸನ ಕಥೆಯನ್ನು ಕನ್ನಡದವರಲ್ಲದೆ ಬೇರೆಯವರು ಮಾಡರು. ಎನ್.ಸಿ. ರಾಜನ್ ನಿರ್ದೇಶಿಸಿ, ಜಿ.ವಿ. ಅಯ್ಯರ್ ಸಾಹಿತ್ಯ ಒದಗಿಸಿದ ಚಿತ್ರ ಯಶಸ್ಸು ಕಂಡಿತು. ನಾಡಿನಾದ್ಯಂತ ಚಿತ್ರಮಂದಿರಗಳಲ್ಲಿ ಸಂಭ್ರಮ. ಆದರೆ ಸಂಘ ಬಹುಕಾಲ ಒಟ್ಟಾಗಿ ಚಿತ್ರ ಮಾಡುತ್ತ ಉಳಿಯಲಿಲ್ಲ. ನಾಲ್ವರೂ ತಮ್ಮ ತಮ್ಮ ದಾರಿ ಹಿಡಿದರು. ರಾಜ್‌ಕುಮಾರ್ ನಾಡಿನ ಆರಾಧ್ಯ ನಟರಾದರು. ಅಯ್ಯರ್ ‘ಹಂಸಗೀತೆ’, ‘ಆದಿ ಶಂಕರಾಚಾರ್ಯ’ಗಳತ್ತ ನಡೆದರು. ನರಸಿಂಹರಾಜು ನಗಿಸುತ್ತಲೇ ಹೋದರು.

ನರಸಿಂಹರಾಜು ಹುಟ್ಟಿದ್ದು ತಿಪಟೂರಿನಲ್ಲಿ. ಅರಸೀಕೆರೆಗೂ ತಿಪಟೂರಿಗೂ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಒಂದೇ ತೆಂಗಿನ ಸೀಮೆ, ಒಂದೇ ಹಳಿ, ಒಂದೇ ಬಗೆಯ ಕಂಪನಿ ನಾಟಕದ ಪಾಠ. ದಶಕಗಳ ಕಾಲ ಕನ್ನಡಿಗರನ್ನು ನಗಿಸಿದ ಜೋಡಿ ನೆರೆಯ ಎರಡು ಸಂತೆಯೂರುಗಳಿಂದ ಬಂದದ್ದು ಕಾಕತಾಳೀಯವಾದರೂ ಸ್ವಾರಸ್ಯಕರ. ಇಬ್ಬರ ಹಾಸ್ಯವೂ ಒಂದೇ ಬಗೆಯದಲ್ಲ. ನರಸಿಂಹರಾಜು ಅವರದು ಮೈಯೆಲ್ಲ ಕುಣಿಯುವ, ಹಲ್ಲುಬಿಟ್ಟು ನಗಿಸುವ, ಮುಗ್ಧ ಹಾಸ್ಯ. ಬಾಲಕೃಷ್ಣರದು ಒಳಗೊಂದು ಹೊರಗೊಂದು ಇಟ್ಟುಕೊಂಡವನ ಹಾಸ್ಯ. ಪ್ರೇಕ್ಷಕ ಒಬ್ಬರನ್ನು ಕಂಡು ನಗುತ್ತಿದ್ದ. ಇನ್ನೊಬ್ಬರನ್ನು ಕಂಡು ನಗುತ್ತಲೇ ಹಲ್ಲು ಕಡಿಯುತ್ತಿದ್ದ.

ಕನ್ನಡ ಚಿತ್ರರಂಗಕ್ಕೆ ಬಾಲಕೃಷ್ಣರ ನಿಜವಾದ ಕೊಡುಗೆ ಇದು. ಖಳ ಮತ್ತು ವಿದೂಷಕ, ಎರಡು ಪಾತ್ರಗಳನ್ನೂ ಒಂದೇ ಮೈಯಲ್ಲಿ ಕೂಡಿಸಿದವರು ಅವರು. ಹಳ್ಳಿಯ ಲೆಕ್ಕ ಬರೆಯುವವ, ಬಡ್ಡಿ ವ್ಯಾಪಾರಿ, ಮನೆ ಒಡೆಯುವ ಚಾಡಿಕೋರ, ಹೆಣ್ಣು ಕೊಡಿಸುವ ದಲ್ಲಾಳಿ, ಗೌಡನ ಬಾಲ ಹಿಡಿದ ಹೊಗಳುಭಟ್ಟ, ಅರಮನೆಯ ಕುತಂತ್ರಿ. ಇವರಾರೂ ಕತ್ತಿ ಹಿಡಿಯುವುದಿಲ್ಲ, ಅಬ್ಬರಿಸುವುದಿಲ್ಲ. ಕಿವಿಯಲ್ಲಿ ಒಂದು ಮಾತು ಊದುತ್ತಾರೆ, ಅಷ್ಟರಿಂದ ಒಂದು ಸಂಸಾರ ಬೀದಿಗೆ ಬರುತ್ತದೆ. ತನಗೇ ಸರಿಯಾಗಿ ಕಿವಿ ಕೇಳಿಸದ ಮನುಷ್ಯ ಜೀವನವಿಡೀ ತೆರೆಯ ಮೇಲೆ ಇನ್ನೊಬ್ಬರ ಕಿವಿ ಕಚ್ಚುವ ಪಾತ್ರ ಮಾಡಿದರು ಎಂಬ ವಿಪರ್ಯಾಸವನ್ನು ಅಂದಿನ ಪ್ರೇಕ್ಷಕರಲ್ಲಿ ಎಷ್ಟು ಮಂದಿ ಬಲ್ಲರೋ. ವಜ್ರಮುನಿಯಂಥವರ ಖಳತನ ಭಯ ಹುಟ್ಟಿಸುತ್ತಿತ್ತು. ಬಾಲಣ್ಣನ ಖಳತನ ಪರಿಚಯದ್ದು. ಪ್ರತಿ ಊರಿನಲ್ಲಿಯೂ ಅಂಥವನೊಬ್ಬ ಇದ್ದೇ ಇದ್ದ. ಚಿತ್ರ ಬಿಟ್ಟು ಮನೆಗೆ ಹೊರಟವರಿಗೆ ದಾರಿಯಲ್ಲಿಯೇ ಆತ ಎದುರಾಗುತ್ತಿದ್ದ.

ಆದರೆ ಕೇಡಿಗಳಿಗಷ್ಟೇ ಅವರು ಮೀಸಲಾಗಲಿಲ್ಲ. 1972ರ ‘ಬಂಗಾರದ ಮನುಷ್ಯ’ದ ರಾಚೂಟಪ್ಪನನ್ನು ಮರೆತವರಿಲ್ಲ. ಸಿದ್ಧಲಿಂಗಯ್ಯ ನಿರ್ದೇಶನದ ಆ ಚಿತ್ರದಲ್ಲಿ ಬಂಡೆಗಲ್ಲಿನ ನೆಲವನ್ನು ಹಸಿರಾಗಿಸಲು ಹೊರಟ ರಾಜೀವನಿಗೆ ಬೆನ್ನೆಲುಬಾಗಿ ನಿಲ್ಲುವ ಹಿರಿಯ ಆತ. ‘ಗಂಧದ ಗುಡಿ’, ‘ಸಂಪತ್ತಿಗೆ ಸವಾಲ್’, ‘ಭೂತಯ್ಯನ ಮಗ ಅಯ್ಯು’, ಎಪ್ಪತ್ತರ ದಶಕದ ಈ ದೊಡ್ಡ ಚಿತ್ರಗಳ ಪಾತ್ರವರ್ಗದಲ್ಲೆಲ್ಲ ಅವರ ಹೆಸರಿದೆ. ‘ಭೂತಯ್ಯನ ಮಗ ಅಯ್ಯು’ ಹಾಸನ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಆಧರಿಸಿದ್ದು. ಚಿತ್ರೀಕರಣ ನಡೆದದ್ದು ಚಿಕ್ಕಮಗಳೂರು ಸೀಮೆಯ ಕಳಸಾಪುರದಲ್ಲಿ. ಹಳೇಬೀಡಿನಿಂದ ದೂರವಲ್ಲ. ಆ ವೇಳೆಗೆ ಅರವತ್ತು ದಾಟಿದ್ದ ಬಾಲಕೃಷ್ಣ, ತಾವು ಹುಟ್ಟಿದ ಸೀಮೆಗೆ ಹೊಂದಿಕೊಂಡ ಆ ನೆಲಕ್ಕೆ ಹೆಸರುವಾಸಿ ನಟರಾಗಿ ಮರಳಿದ್ದರು.

ವಾಕ್ಚಿತ್ರವೆಂಬುದು ಕಿವಿಯ ಕಲೆ ಎಂಬ ನಂಬಿಕೆಯಿದೆ. ಬಾಲಕೃಷ್ಣರಂಥವರು ಅದನ್ನು ಕಣ್ಣಿನ ಕಲೆಯನ್ನಾಗಿಸಿಕೊಂಡರು. ಕಿವುಡಿ, ಮೂಕಿಯರ ಬದುಕನ್ನೇ ವಸ್ತುವಾಗಿಸಿಕೊಂಡ ‘ನಾಂದಿ’ 1964ರಲ್ಲಿ ಬಂದಾಗ ಕನ್ನಡದಲ್ಲಿ ಅದೊಂದು ಹೊಸ ಅಲೆ ಎಂದು ಎಲ್ಲರೂ ಕೊಂಡಾಡಿದರು. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ ಆ ಚಿತ್ರ ಪ್ರಶಂಸೆಗೆ ಅರ್ಹವೇ. ಆದರೆ ಅದಕ್ಕೂ ಇಪ್ಪತ್ತು ವರ್ಷ ಮೊದಲಿನಿಂದ ಶ್ರವಣದೋಷವುಳ್ಳ ನಟರೊಬ್ಬರು ಕನ್ನಡ ಚಿತ್ರಗಳಲ್ಲಿ ಸಲೀಸಾಗಿ ಮಾತಾಡುತ್ತಲೇ ಇದ್ದರು. ಆ ಕೊರತೆಯನ್ನು ಕನಿಕರಕ್ಕಾಗಿ ಪ್ರದರ್ಶಿಸಲಿಲ್ಲ. ಅಮೆರಿಕದಲ್ಲಿ ಕಿವುಡಿಯಾದ ನಟಿ ಮಾರ್ಲಿ ಮ್ಯಾಟ್ಲಿನ್ ಆಸ್ಕರ್ ಪಡೆದು ಜಗತ್ತಿನ ಗಮನ ಸೆಳೆದದ್ದು 1987ರಲ್ಲಿ.

ಇನ್ನು ಸ್ಟುಡಿಯೋದ ಕಥೆ. ಬಾಲಕೃಷ್ಣರ ಬದುಕಿನ ಎರಡನೆಯ ಅರ್ಧವನ್ನು ನುಂಗಿದ ಕಥೆಯಿದು.

ಕನ್ನಡ ಚಿತ್ರಗಳು ಕನ್ನಡ ನಾಡಿನಲ್ಲಿಯೇ ತಯಾರಾಗಬೇಕು ಎಂಬ ಕೂಗು ಅರವತ್ತರ ದಶಕದಲ್ಲಿ ಬಲಗೊಂಡಿತ್ತು. ಮೈಸೂರಿನ ಪ್ರೀಮಿಯರ್ ಸ್ಟುಡಿಯೋ ಇತ್ತು, ಅದೊಂದೇ ಸಾಲದು. ರಾಜ್ಯದಲ್ಲಿ ತಯಾರಾದ ಚಿತ್ರಗಳಿಗೆ ಸರ್ಕಾರ ಸಹಾಯಧನ ನೀಡತೊಡಗಿದ್ದು, ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ತಲೆಯೆತ್ತಿದ್ದು ಆ ದಶಕದ ನಡುಭಾಗದಲ್ಲಿ. ಮದರಾಸಿನಲ್ಲಿ ಇತರರ ಹಂಗಿನಲ್ಲಿ ಫ್ಲೋರ್‌ಗಾಗಿ ಕಾದು ನಿಂತ ದಿನಗಳನ್ನು ಮರೆಯದ ಬಾಲಕೃಷ್ಣ ತಾವೇ ಒಂದು ಸ್ಟುಡಿಯೋ ಕಟ್ಟಲು ಹೊರಟರು. ಉದ್ಯಮಿಗಳು, ವಿತರಕರು, ಪ್ರದರ್ಶಕರು ಮಾಡಬಹುದಾಗಿದ್ದ ಕೆಲಸಕ್ಕೆ ಪೋಷಕ ಪಾತ್ರಗಳ ನಟರೊಬ್ಬರು ಕೈ ಹಾಕಿದರು. ಬೆಂಗಳೂರು, ಮೈಸೂರು ರಸ್ತೆಯಲ್ಲಿ ಕೆಂಗೇರಿ ಹೋಬಳಿಯ ಮೈಲಸಂದ್ರದ ಬಳಿ ಸರ್ಕಾರ ಅವರಿಗೆ 20 ಎಕರೆ ಜಮೀನು ನೀಡಿತು. ಅದಕ್ಕೆ ಅವರಿಟ್ಟ ಹೆಸರು ಅಭಿಮಾನ್ ಸ್ಟುಡಿಯೋ.

ಜಮೀನು ಸಿಕ್ಕರೆ ಸ್ಟುಡಿಯೋ ಆಗುವುದಿಲ್ಲ. ಎತ್ತರದ ಮಾಡಿನ ಫ್ಲೋರ್‌ಗಳು ಬೇಕು; ನೂರಾರು ದೀಪಗಳ ಭಾರ ಹೊರುವ ವಿದ್ಯುತ್ ಸಂಪರ್ಕ ಬೇಕು; ಕ್ಯಾಮೆರಾ, ಧ್ವನಿಮುದ್ರಣ, ಸಂಕಲನದ ಸಲಕರಣೆಗಳು, ಮೇಕಪ್ ಕೋಣೆಗಳು, ಸೆಟ್ ಕಟ್ಟುವ ಬಡಗಿಗಳ ಕೊಟ್ಟಿಗೆ, ಎಲ್ಲಕ್ಕಿಂತ ಹೆಚ್ಚಾಗಿ ವರ್ಷವಿಡೀ ಬಾಡಿಗೆ ಕೊಡುವ ನಿರ್ಮಾಪಕರು ಬೇಕು. ಇವೆಲ್ಲಕ್ಕೂ ಬಾಲಕೃಷ್ಣರ ಬಳಿ ಇದ್ದ ಮೂಲಧನ ಒಂದೇ, ನಟನೆಯ ಸಂಭಾವನೆ. ಪೋಷಕ ನಟನ ಸಂಭಾವನೆ ಎಷ್ಟೆಂಬುದನ್ನು ಚಿತ್ರರಂಗ ಬಲ್ಲವರಿಗೆ ಹೇಳಬೇಕಿಲ್ಲ. ಚಿತ್ರದ ಮೇಲೆ ಚಿತ್ರ ಒಪ್ಪಿಕೊಂಡು ದುಡಿದದ್ದನ್ನು ಅವರು ಕೆಂಗೇರಿಯ ಮಣ್ಣಿಗೆ ಸುರಿದರು. ಸಾಲ ಬೆಳೆಯಿತು. ಅವರು ನಟಿಸಿದ ಚಿತ್ರಗಳ ಸಂಖ್ಯೆ ಐನೂರು ದಾಟಿದ್ದರ ಹಿಂದೆ ಕಲೆಯ ಹಸಿವಿನಷ್ಟೇ ಈ ಸ್ಟುಡಿಯೋದ ಹಸಿವೂ ಇತ್ತು. ಪಾತ್ರ ದೊಡ್ಡದೋ ಚಿಕ್ಕದೋ ಎಂದು ನೋಡುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಕಾಲವೂ ಅವರ ಕೈ ಹಿಡಿಯಲಿಲ್ಲ. ಅಭಿಮಾನ್ ತಲೆಯೆತ್ತುವ ಹೊತ್ತಿಗೆ ಕನ್ನಡ ಚಿತ್ರಗಳು ಸ್ಟುಡಿಯೋದ ನಾಲ್ಕು ಗೋಡೆಗಳನ್ನು ಬಿಟ್ಟು ಹೊರಗೆ ನಡೆದಿದ್ದವು. ಕಾಡು, ಹೊಲ, ನಿಜವಾದ ಹಳ್ಳಿ, ನಿಜವಾದ ಮನೆ, ಇವೇ ಸೆಟ್‌ಗಳಾದವು. ಬೇಲೂರು, ಹಳೇಬೀಡುಗಳ ದೇಗುಲಗಳ ಅಂಗಳದಲ್ಲಿ ಕ್ಯಾಮೆರಾ ಇಟ್ಟರೆ ಸಾಕು, ಯಾವ ಕಲಾ ನಿರ್ದೇಶಕನೂ ಕಟ್ಟಲಾಗದ ಹಿನ್ನೆಲೆ ಕಣ್ಣ ಮುಂದಿರುತ್ತಿತ್ತು. 1964ರಲ್ಲಿ ಬಿ.ಎಸ್. ರಂಗಾ ಅವರು ಕನ್ನಡದ ಮೊದಲ ಪೂರ್ಣ ವರ್ಣಚಿತ್ರಕ್ಕೆ ಜಕಣಾಚಾರಿಯ ಐತಿಹ್ಯವನ್ನು ಆರಿಸಿದಾಗಲೇ ಈ ಸೀಮೆಯ ಶಿಲ್ಪಗಳು ತೆರೆಗೆ ಎಷ್ಟು ಒಗ್ಗುತ್ತವೆ ಎಂಬುದು ಗೊತ್ತಾಗಿತ್ತು. ‘ಬಂಗಾರದ ಮನುಷ್ಯ’ದ ಹೊಲಗಳು, ‘ಗಂಧದ ಗುಡಿ’ಯ ಅರಣ್ಯ, ‘ಭೂತಯ್ಯನ ಮಗ ಅಯ್ಯು’ವಿನ ಊರು, ಬಾಲಕೃಷ್ಣ ಸ್ವತಃ ನಟಿಸಿದ ಈ ಚಿತ್ರಗಳ ಗೆಲುವೇ ಹೊರಾಂಗಣದ ರುಚಿಯನ್ನು ನಿರ್ಮಾಪಕರಿಗೆ ಹತ್ತಿಸಿತು. ಒಂದು ಕೈಯಲ್ಲಿ ಗಳಿಸಿ ಸ್ಟುಡಿಯೋಗೆ ಹಾಕುತ್ತಿದ್ದರು. ಅದೇ ದುಡಿಮೆ ಸ್ಟುಡಿಯೋದ ಅಗತ್ಯವನ್ನೇ ಕುಗ್ಗಿಸುತ್ತಿತ್ತು.

ಚಿತ್ರೀಕರಣಗಳು ಅಲ್ಲಿ ನಡೆಯಲಿಲ್ಲವೆಂದಲ್ಲ. ನಡೆದವು. ಆದರೆ ಮದರಾಸಿನ ಎ.ವಿ.ಎಂ., ವಾಹಿನಿ ಸ್ಟುಡಿಯೋಗಳಿಗೆ ಸರಿಸಮನಾಗಿ ನಿಲ್ಲುವ ಕನ್ನಡದ ಸ್ಟುಡಿಯೋ ಎಂಬ ಅವರ ಕನಸು ಅರ್ಧದಲ್ಲಿಯೇ ಉಳಿಯಿತು. ಆಗಿನ ಬೆಂಗಳೂರಿಗೆ ಕೆಂಗೇರಿ ಊರಾಚೆಯ ಊರು; ಕಲಾವಿದರು, ತಂತ್ರಜ್ಞರನ್ನು ಅಷ್ಟು ದೂರ ಕರೆದೊಯ್ಯುವುದಕ್ಕಿಂತ ನಗರದ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿಯುವುದು ನಿರ್ಮಾಪಕರಿಗೆ ಸುಲಭವಾಗಿ ಕಂಡಿತು. ಚಿತ್ರರಂಗ ಈ ಹಿರಿಯ ನಟರ ಸಾಹಸಕ್ಕೆ ಬೆನ್ನು ತಟ್ಟಿದಷ್ಟು ಬೆನ್ನಿಗೆ ನಿಲ್ಲಲಿಲ್ಲ ಎಂದರೆ ಕಟುವಾದೀತು, ಸುಳ್ಳಾಗದು.

1979ರಲ್ಲಿ ನರಸಿಂಹರಾಜು ತೀರಿಕೊಂಡರು. ಐವತ್ತೈದರ ವಯಸ್ಸು. ಅವರಿಗಿಂತ ಹನ್ನೆರಡು ವರ್ಷ ಹಿರಿಯರಾದ ಬಾಲಕೃಷ್ಣ ಮತ್ತೂ ಒಂದು ದಶಕಕ್ಕೂ ಮೀರಿ ನಟಿಸುತ್ತ ಹೋದರು. ಮುಖದ ಸುಕ್ಕು ಹೆಚ್ಚಿತು, ದನಿಯಲ್ಲಿ ನಡುಕ ಬಂತು. ಎರಡನ್ನೂ ಪಾತ್ರಕ್ಕೆ ಬಳಸಿಕೊಂಡರು. ಒಂದು ಕಾಲದ ಚಾಡಿಕೋರ ಈಗ ತಾತನಾದ, ಮನೆಯ ಹಿರಿಯನಾದ, ಮಂದಿ ಗೌರವಿಸುವ ಊರ ಹಿರಿಯನಾದ. ರಾಜ್‌ಕುಮಾರ್ ಚಿತ್ರಗಳಲ್ಲಿ ಅವರನ್ನು ಕಂಡ ಕೂಡಲೇ ಚಿತ್ರಮಂದಿರದಲ್ಲಿ ಏಳುತ್ತಿದ್ದ ಗುಜುಗುಜು ಹಳೆಯ ಸಂಬಂಧಿಕರೊಬ್ಬರು ಮನೆಗೆ ಬಂದಾಗ ಏಳುವ ಸದ್ದಿನಂತಿರುತ್ತಿತ್ತು.

1995ರ ಜುಲೈ 19ರಂದು ಬಾಲಕೃಷ್ಣ ನಿಧನರಾದರು. ಎಂಬತ್ತಮೂರು ವರ್ಷಗಳ ಬದುಕು, ಅದರಲ್ಲಿ ಐವತ್ತೆರಡು ವರ್ಷ ಚಿತ್ರರಂಗದಲ್ಲಿ. ಅವರು ಬಿಟ್ಟುಹೋದದ್ದು ನೂರಾರು ಚಿತ್ರಗಳ ಪಾತ್ರಗಳನ್ನು ಮತ್ತು ಕೆಂಗೇರಿಯ ಆ ಜಮೀನನ್ನು. ಕನ್ನಡ ಚಿತ್ರರಂಗದ ಹಳೆಯ ಚಿತ್ರಗಳು ಹಲವು ನಾಶವಾಗಿವೆ. ಮೂಲ ಪ್ರತಿಗಳು ಉಳಿದಿಲ್ಲ. ದೂರದರ್ಶನ, ನಂತರ ಬಂದ ಖಾಸಗಿ ವಾಹಿನಿಗಳ ಮಧ್ಯಾಹ್ನದ ಹಳೆಯ ಚಿತ್ರಗಳು ಮಾತ್ರ ಬಾಲಣ್ಣನನ್ನು ಹೊಸ ಪೀಳಿಗೆಗೆ ಪರಿಚಯಿಸುತ್ತ ಬಂದವು.

ಜಮೀನಿನ ಕಥೆ ಅವರ ಸಾವಿನೊಂದಿಗೆ ಮುಗಿಯಲಿಲ್ಲ. ಬೆಂಗಳೂರು ಬೆಳೆದು ಕೆಂಗೇರಿಯನ್ನು ನುಂಗಿತು; ಊರಾಚೆಯ 20 ಎಕರೆ ಚಿನ್ನದ ಬೆಲೆಯ ನೆಲವಾಯಿತು. 2009ರ ಡಿಸೆಂಬರ್ 30ರಂದು ನಟ ವಿಷ್ಣುವರ್ಧನ್ ನಿಧನರಾದಾಗ ಅವರ ಅಂತ್ಯಸಂಸ್ಕಾರ ನಡೆದದ್ದು ಅಭಿಮಾನ್ ಸ್ಟುಡಿಯೋ ಆವರಣದಲ್ಲಿ. ಅಂದಿನಿಂದ ಅಭಿಮಾನ್ ಎಂದರೆ ಬಾಲಕೃಷ್ಣರ ಸ್ಟುಡಿಯೋ ಎನ್ನುವುದಕ್ಕಿಂತ ವಿಷ್ಣುವರ್ಧನ್ ಸಮಾಧಿ ಇರುವ ಸ್ಥಳ ಎಂದೇ ಜನ ಗುರುತಿಸತೊಡಗಿದರು. ಸ್ಮಾರಕ ಎಲ್ಲಿರಬೇಕು, ಜಮೀನು ಯಾರದು, ಯಾವ ಉದ್ದೇಶಕ್ಕೆ ಕೊಟ್ಟದ್ದು ಎಂಬ ಪ್ರಶ್ನೆಗಳು ನ್ಯಾಯಾಲಯದ ಮೆಟ್ಟಿಲೇರಿದವು. ಕೊನೆಗೆ ಸರ್ಕಾರ ವಿಷ್ಣುವರ್ಧನ್ ಸ್ಮಾರಕವನ್ನು ಮೈಸೂರಿನ ಬಳಿ ಕಟ್ಟಿಸಿ 2023ರ ಜನವರಿಯಲ್ಲಿ ಉದ್ಘಾಟಿಸಿತು. 2025ರ ಆಗಸ್ಟ್ 8ರಂದು ಕೆಂಗೇರಿಯ ಸಮಾಧಿಯ ಕಟ್ಟೆಯನ್ನು ತೆರವುಗೊಳಿಸಲಾಯಿತು, ಅಭಿಮಾನಿಗಳು ಬೀದಿಗಿಳಿದರು. ಅದರ ಬೆನ್ನಲ್ಲಿಯೇ, ಸ್ಟುಡಿಯೋಗೆಂದು ಕೊಟ್ಟಿದ್ದ ಭೂಮಿಯನ್ನು ಹಿಂಪಡೆಯುವ ಕ್ರಮಕ್ಕೆ ಅರಣ್ಯ ಇಲಾಖೆ ಮುಂದಾಯಿತು.

ಆ ದಿನಗಳ ಸುದ್ದಿ, ಚರ್ಚೆ, ಪ್ರತಿಭಟನೆಗಳಲ್ಲೆಲ್ಲ ಬಾಲಕೃಷ್ಣ ಎಂಬ ಹೆಸರು ಮತ್ತೆ ಮತ್ತೆ ಬಂತು, ಜಮೀನು ಮಂಜೂರಾದವರ ಹೆಸರಾಗಿ.